ಮೂರು ವರ್ಷ ಓಮ್ನಿಯಲ್ಲಿ ಜಿಪಿಎಸ್ ಇಟ್ಕೊಂಡು ಓಡಾಡಿದ ಮೇಲೆ

ನಂದು ಪಂಪ್‌ಸೆಟ್ ರಿಪೇರಿ, ವಿರಾಜಪೇಟೆ ಕಡೆ. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಬಿಡಿಸೋ ಹೂಮಳೆ ಕೈಕೊಟ್ರೆ ಕಾಫಿ ತೋಟದವ್ರೆಲ್ಲ ಸ್ಪ್ರಿಂಕ್ಲರ್ ಹಾಕ್ತಾರೆ, ಆಗ ಮೋಟರ್ ಸುಟ್ಟೋಯ್ತು ಅಂತ ಫೋನ್ ಬಂದ್ರೆ ಅವತ್ತೇ ಹೋಗ್ಬೇಕು. ವಿಳಾಸ ಅಂತ ಸಿಗೋದು ಊರು ಮತ್ತೆ ಅಂಚೆ ಹೆಸರು ಅಷ್ಟೇ, ಮನೆ ರಸ್ತೆಯಿಂದ ಒಂದು ಕಿಲೋಮೀಟರ್ ಒಳಗಿರುತ್ತೆ, ಅಲ್ಲಿ ಟವರ್ ಇಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದ್ರೆ ಪೇಟೆಯಲ್ಲೂ ನೆಟ್‌ವರ್ಕ್ ಇರಲ್ಲ. ಅದಕ್ಕೇ ಮೈಸೂರಲ್ಲಿ 4,500 ಕೊಟ್ಟು ಸೆಕೆಂಡ್ ಹ್ಯಾಂಡ್ ಜಿಪಿಎಸ್ ತಗೊಂಡೆ, ಐದು ಇಂಚಿಂದು. ಸ್ಯಾಟಲೈಟ್ ಕಳಿಸೋದನ್ನ ಕೇಳಿಸ್ಕೊಳ್ಳೋದಷ್ಟೇ ಇದರ ಕೆಲಸ, ಮ್ಯಾಪ್ ಒಳಗೇ ಇರುತ್ತೆ, ಸಿಮ್ಮೂ ಬೇಡ ರೀಚಾರ್ಜೂ ಬೇಡ.

ಆದ್ರೆ ಮೊದಲ ಆರು ತಿಂಗಳು ಇದರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದಿನ ಸಂಜೆ ಅಮ್ಮತ್ತಿ ಕಡೆಯಿಂದ ಸಿದ್ದಾಪುರಕ್ಕೆ ಹೊರಟಿದ್ದೆ, ಟಾರ್ ರಸ್ತೆ ಬಿಡಿಸಿ ಎಡಕ್ಕೆ ತಿರುಗು ಅಂತು, ತಿರುಗಿದೆ. ಅರ್ಧ ಕಿಲೋಮೀಟರ್ ಮಣ್ಣು ದಾರಿ, ಎರಡೂ ಕಡೆ ಕಾಫಿ, ಆಮೇಲೆ ಬೀಗ ಹಾಕಿದ ಗೇಟು. ಮಳೆ ಬಿದ್ದು ನೆಲ ಜಾರ್ತಿತ್ತು, ಗಾಡಿ ತಿರುಗಿಸೋಕೂ ಜಾಗ ಇಲ್ಲ. ಆ ಭಾಗದಲ್ಲಿ ಕತ್ತಲಾದ್ರೆ ಆನೆ ತೋಟದೊಳಗೇ ಇರುತ್ತೆ, ಹೊರಗಿನವ್ರಿಗೆ ಆ ಭಯ ಹೇಳಿದ್ರೆ ಅರ್ಥ ಆಗಲ್ಲ. ತೋಟದ ಕೆಲಸದವ್ರ ಲೈನ್‌ಮನೆಯಿಂದ ಒಬ್ಬರು ಟಾರ್ಚ್ ಹಿಡ್ಕೊಂಡು ಬಂದು, 'ಅಣ್ಣಾ, ಈ ಗೇಟು ಐದು ಗಂಟೆಗೇ ಹಾಕ್ತಾರೆ, ರಿವರ್ಸಲ್ಲೇ ಹೋಗಿ, ನಾನು ಹಿಂದೆ ಬೆಳಕು ಬಿಡ್ತೀನಿ' ಅಂದ್ರು. ಟಾರ್ ರಸ್ತೆ ಸಿಗೋವರೆಗೂ ನಡ್ಕೊಂಡೇ ಬಂದ್ರು ಪುಣ್ಯಾತ್ಮ. ಮನೆಗೆ ಬಂದು ಡಬ್ಬಕ್ಕೆ ಹಾಕಿ ಎತ್ತಿಟ್ಬಿಟ್ಟೆ.

ಎರಡು ವಾರ ಬಿಟ್ಟು ಮತ್ತೆ ತೆಗೆದು ಸೆಟ್ಟಿಂಗ್ಸ್ ಒಂದೊಂದಾಗಿ ನೋಡಿದಾಗ ಗೊತ್ತಾಯ್ತು, ಹಿಂದಿನವ್ರು 'ಕಡಿಮೆ ದೂರ' ಅಂತ ಇಟ್ಟಿದ್ರು. ಕಿಲೋಮೀಟರ್ ಉಳಿಯೋದಾದ್ರೆ ಅದು ಯಾವ ತೋಟದ ದಾರಿಗಾದ್ರೂ ನುಗ್ಗಿಸುತ್ತೆ. 'ಕಡಿಮೆ ಸಮಯ'ಕ್ಕೆ ಬದಲಾಯಿಸಿ, ಮಣ್ಣು ರಸ್ತೆ ಬೇಡ ಅನ್ನೋದಕ್ಕೂ ಟಿಕ್ ಹಾಕಿದೆ. ಆ ಕಾಟ ಆಮೇಲೆ ಮುಕ್ಕಾಲು ಪಾಲು ಹೋಯ್ತು. ತಗೊಂಡ ದಿನವೇ ಈ ಎರಡು ನೋಡಿ. ಮಳೆಗಾಲಕ್ಕೆ ಮಾತ್ರ ಇದನ್ನ ನಂಬ್ಬೇಡಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿತ್ತಲ್ಲ, ಅಂಥದ್ದು ಡಬ್ಬದೊಳಗಿರೋ ಮ್ಯಾಪಿಗೆ ಗೊತ್ತಾಗಲ್ಲ. ಘಾಟಿ ಇಳಿಯೋ ಮುಂಚೆ ಬಸ್ಸಿನವ್ರನ್ನ ಕೇಳೋದೇ ಸರಿ.

ಈಗ ಬೆಳಿಗ್ಗೆ ಇದೊಂದು ಅಭ್ಯಾಸವೇ ಆಗಿದೆ. ಮಂಜಿಗೆ ಗ್ಲಾಸ್ ಒಳಗೆಲ್ಲ ಬೆವರಿರುತ್ತೆ, ಹಾಗೇ ಅಂಟಿಸಿದ್ರೆ ಜಿಪಿಎಸ್ ಹಿಡ್ಕೊಳ್ಳೋ ರಬ್ಬರ್ ಬಟ್ಟಲು ಮೊದಲ ಹಳ್ಳಕ್ಕೇ ಉದುರುತ್ತೆ. ಒಣಬಟ್ಟೆಯಲ್ಲಿ ಗ್ಲಾಸ್ ಒರೆಸಿ, ಬಟ್ಟಲನ್ನ ಬಿಸಿನೀರಲ್ಲಿ ಅದ್ದಿ ಒರೆಸಿ ಒತ್ತಿದ್ರೆ ಸಂಜೆವರೆಗೆ ಅಲ್ಲಾಡಲ್ಲ. ಶೆಡ್ ಹತ್ರ ಸಿಲ್ವರ್ ಓಕ್ ಜಾಸ್ತಿ, ಅದರ ಅಡಿ ಸಿಗ್ನಲ್ ಹಿಡಿಯೋಕೆ ಒದ್ದಾಡುತ್ತೆ, ಅದಕ್ಕೆ ಕಾಫಿ ಒಣಗಿಸೋ ಕಣದ ಪಕ್ಕ ಆಕಾಶ ಕಾಣೋ ಕಡೆ ಗಾಡಿ ನಿಲ್ಲಿಸಿ ಆನ್ ಮಾಡ್ತೀನಿ. ಜಾಗ ಸರಿಯಾಗಿ ತೋರ್ಸೋಕೆ ನಾಲ್ಕು ಸ್ಯಾಟಲೈಟ್ ಆದ್ರೂ ಬೇಕು, ಒಂದೊಂದೂ ತಾನೆಲ್ಲಿದೀನಿ ಅನ್ನೋ ಲೆಕ್ಕ ಕಳಿಸೋಕೆ 30 ಸೆಕೆಂಡ್ ತಗೊಳುತ್ತೆ. ಅಷ್ಟೊತ್ತಿಗೆ ಕಾಫಿ ಕುಡಿದು ಲೋಟ ಒಳಗಿಟ್ಟು ಬಂದ್ರೆ ರೆಡಿ.

ನಾನು ನಿರೀಕ್ಷೆನೇ ಮಾಡದೆ ಸಿಕ್ಕಿದ ಖುಷಿ ಅಂದ್ರೆ ಜಾಗ ಸೇವ್ ಮಾಡೋದು. ಯಾವ ಮನೆಗೆ ಹೋದ್ರೂ ಗೇಟಿನ ಹತ್ರ ಒಂದು, ಪಂಪ್ ಇರೋ ಕೆರೆ ಹತ್ರ ಒಂದು ಸೇವ್ ಮಾಡ್ತೀನಿ. ಹೆಸರೆಲ್ಲ ನಂದೇ: 'ಹಲಸಿನ ಮರದ ಗೇಟು', 'ಹಳೇ ಜೀಪ್ ನಿಂತಿರೋದು', 'ಕೆರೆ, ಏಳೂವರೆ ಎಚ್‌ಪಿ'. ಕನ್ನಡ ಅಕ್ಷರ ಇದರಲ್ಲಿ ಬರಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು, ಅದೊಂದು ಬೇಜಾರು ಇದ್ದೇ ಇದೆ. ವಾಟ್ಸಾಪಲ್ಲಿ ಬಂದ ಲೊಕೇಶನ್ ನಂಬರ್ ಹಾಕೋವಾಗಲೂ ಹುಷಾರು, ಒಂದು ಡಿಗ್ರಿಗೆ 60 ಮಿನಿಟ್, ಹಾಗಾಗಿ 12.20 ಅಂದ್ರೆ 12 ಡಿಗ್ರಿ 12 ಮಿನಿಟ್, ಅದನ್ನ 12 ಡಿಗ್ರಿ 20 ಮಿನಿಟ್ ಅಂತ ಒತ್ತಿದ್ರೆ ಸುಮಾರು 15 ಕಿಲೋಮೀಟರ್ ಉತ್ತರಕ್ಕೆ ಕರ್ಕೊಂಡು ಹೋಗುತ್ತೆ.

ಪೇಟೆಯಲ್ಲೇ ಓಡಾಡೋರಿಗೆ ಇದು ದುಡ್ಡು ದಂಡ, ಫೋನಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸ್ಕೊಳ್ಳಿ ಸಾಕು. ನನ್ನ ಫೋನ್ ಬಿಸಿಲಿಗೆ ಕಾದು ಆಫ್ ಆಗ್ತಿತ್ತು, ಮಧ್ಯ ಗಿರಾಕಿಗಳ ಕಾಲ್ ಬೇರೆ. ತಗೊಳ್ಳೋದೇ ಆದ್ರೆ ಹೊಸ ಮ್ಯಾಪ್ ಫ್ರೀಯಾಗಿ ಹಾಕ್ಕೊಳ್ಳೋಕೆ ಬರುತ್ತಾ ಅಂತ ಮೊದಲು ಕೇಳಿ, ಸ್ಕ್ರೀನ್ ಸೈಜ್ ಆಮೇಲೆ. ನಂದರ ಬ್ಯಾಟರಿ ಮುಕ್ಕಾಲು ಗಂಟೆ ಬಂದ್ರೆ ಹೆಚ್ಚು, ಚಾರ್ಜರ್ ವೈರ್ ಗಾಡಿಯಲ್ಲೇ ಇರಲಿ.

ಈ ಸಲ ಸ್ಪ್ರಿಂಕ್ಲರ್ ಸೀಸನಲ್ಲಿ ನಂಗೆ ಜ್ವರ. ನಮ್ಮ ಹುಡುಗ ಒಬ್ಬನೇ ಓಮ್ನಿ ತಗೊಂಡು ಪಾಲಿಬೆಟ್ಟ ಕಡೆ ಹೋದ, ಅವನು ಆ ಮನೆ ಹಿಂದೆ ನೋಡೇ ಇರ್ಲಿಲ್ಲ. ಹಲಸಿನ ಮರದ ಗೇಟಿಗೆ ಸರಿಯಾಗಿ ಹೋಗಿ ಮೋಟರ್ ಬಿಚ್ಕೊಂಡು ಬಂದ. ರಾತ್ರಿ ಲಿಸ್ಟ್ ನೋಡಿದ್ರೆ ಅವನೇ ಒಂದು ಹೊಸದು ಸೇರಿಸಿದಾನೆ: 'ಪಕ್ಕದ ತೋಟ, ಎರಡು ನಾಯಿ, ಹಾರ್ನ್ ಹೊಡೀಬೇಕು'.