ಹವಳ ತರುವ ಮೊದಲು ಡ್ರಮ್ಮು ನೋಡಿ

ಇದನ್ನು ಎರಡು ತಿಂಗಳ ಹಿಂದೆ ಬರೆದಿದ್ದರೆ ಬೇರೆಯೇ ಬರಹ ಆಗುತ್ತಿತ್ತು. ಮೀನಿನ ಟ್ಯಾಂಕಿಗೆ ಜೀವಂತ ಹವಳ ಮಾರಿದ ಅಂಗಡಿಯವನಿಗೆ ಬೈದು ಒಂದೂವರೆ ಪುಟ ಬರೆದೂ ಇಟ್ಟಿದ್ದೆ. "ಸಾಯುವ ಹವಳ ಮಾರಿ ಹಣ ನುಂಗಿದ" ಅಂತ. ಅದನ್ನು ಹೊರಗೆ ಹಾಕದೆ ಉಳಿದದ್ದು ಅಪ್ಪ ಕೇಳಿದ ಒಂದು ಪ್ರಶ್ನೆಯಿಂದ.

ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮನೆ. ಕುಡಿಯಲಿಕ್ಕೂ ತೋಟಕ್ಕೂ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಚಾವಡಿಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕು. ಕಾಸರಗೋಡಿನವನಿಗೆ ಸಮುದ್ರದ ನೀರಿಗೆ ಬರವಾ ಎಂದು ತಮಾಷೆ ಮಾಡುವವರುಂಟು. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಕೆಂಪಾಗಿ ಬಂದು ಸೇರುವುದನ್ನು ಒಮ್ಮೆ ಸೇತುವೆಯ ಮೇಲೆ ನಿಂತು ನೋಡಿದವರು ಆ ನೀರನ್ನು ಟ್ಯಾಂಕಿಗೆ ಹೊಯ್ಯಲಿಕ್ಕಿಲ್ಲ. ಹಾಗಾಗಿ ನಾನು ಸುರಂಗದ ನೀರನ್ನು ಆರ್‌ಓದಲ್ಲಿ ಸೋಸಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಟ್ಯಾಂಕಿಗೆಂದೇ ಸಿಗುವ ಉಪ್ಪು ಕಲಸುವುದು. ಒಂದೂವರೆ ವರ್ಷ ಹೀಗೇ ನಡೆಯಿತು. ಎರಡು ಕ್ಲೌನ್ ಮೀನು, ಐದಾರು ಬಸವನಹುಳು, ಒಂದು ಸಿಗಡಿ, ಎಲ್ಲ ಚೆನ್ನಾಗಿದ್ದವು.

ಆಮೇಲೆ ಆಸೆ ಬೆಳೆಯಿತು. ದೂರದ ಪಟ್ಟಣದ ಅಂಗಡಿಯಿಂದ ಮೂರು ಕಲ್ಲು ಹವಳ ತರಿಸಿದೆ: ಒಂದು ಹ್ಯಾಮರ್, ಒಂದು ಮಾಂಟಿಪೊರ, ಒಂದು ಕೈಬೆರಳಿನಷ್ಟುದ್ದದ ಅಕ್ರೊಪೊರ. ಹೊಸ ಹವಳ ಸಾಯುವುದು ಯಾಕೆ ಎಂದು ನಾನು ಓದದೆ ಇರಲಿಲ್ಲ. ಅಂಗಡಿಯ ನೀರಿನ ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆಯುವ ಶಕ್ತಿ, ಎಷ್ಟೆಂದು ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಅಲ್ಲಿ 8, ನನ್ನಲ್ಲಿ ಎಂಟೂವರೆ. ಅಲ್ಲಿ 7, ಇಲ್ಲಿ 11 ಆಗಿದ್ದರೆ ಅಕ್ರೊಪೊರದ ತುದಿ ಸುಟ್ಟಂತೆ ಆಗುವುದುಂಟು. ಉಪ್ಪುನೀರಿನ ಸಾಂದ್ರತೆ 1.025. ಫ್ಯಾನ್ ಹಾಕಿ ಉಷ್ಣತೆಯನ್ನು 27 ಡಿಗ್ರಿ ದಾಟದಂತೆ ಹಿಡಿದಿದ್ದೆ. ಹುಳ ಇದ್ದರೆ ಹೋಗಲಿ ಅಂತ ಮೊದಲು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಆಮೇಲೆ ಮೂರನ್ನೂ ತಳದಲ್ಲಿ, ಬೆಳಕು ಕಡಿಮೆ ಇರುವಲ್ಲಿ ಇಟ್ಟೆ. ಅಂಗಡಿಯ ಬೆಳಕಿಗೆ ಒಗ್ಗಿದ್ದನ್ನು ಮೊದಲ ದಿನವೇ ನಮ್ಮ ಲೈಟಿನ ಕೆಳಗೆ ಎತ್ತರದಲ್ಲಿ ಕೂರಿಸಿದರೆ ಬಿಳಚಿಕೊಳ್ಳುತ್ತದೆ. ಇಷ್ಟೆಲ್ಲ ಗೊತ್ತಿತ್ತು.

ನಾಲ್ಕು ದಿನ ಹ್ಯಾಮರ್ ಚೆನ್ನಾಗಿ ಅರಳಿತು. ನಾನೂ ಅರಳಿದೆ. ಹವಳ ಇರುವ ಟ್ಯಾಂಕಿಗೆ ನೀರು ಸರಿಯಾಗಿ ಬದಲಿಸಬೇಕು, ಬಕೆಟಿನಲ್ಲಿ ಇಪ್ಪತ್ತು ಇಪ್ಪತ್ತು ಲೀಟರ್ ಕಲಸುತ್ತ ಕೂತರೆ ಆಗಲಿಕ್ಕಿಲ್ಲ ಎಂದು ಕೊಟ್ಟಿಗೆಯ ಹಿಂದೆ ಇದ್ದ ನೀಲಿ ಡ್ರಮ್ಮು ತಂದು, ಉಜ್ಜಿ ತೊಳೆದು, ನೂರು ಲೀಟರ್ ಉಪ್ಪುನೀರು ಮಾಡಿದೆ. ನಲವತ್ತು ಲೀಟರ್ ಬದಲಿಸಿದೆ.

ಮರುದಿನ ಹ್ಯಾಮರ್ ತೆರೆಯಲಿಲ್ಲ. ಅದರ ಮರುದಿನ ಎರಡು ಬಸವನಹುಳು ಗಾಜಿನಿಂದ ಕಳಚಿ ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಎತ್ತಿ ಗಾಜಿಗೆ ಹಚ್ಚಿದೆ, ಮತ್ತೆ ಬಿದ್ದವು. ಅಲ್ಲೇ ನನಗೆ ತಲೆ ಓಡಬೇಕಿತ್ತು. ಓಡಲಿಲ್ಲ, ಯಾಕೆಂದರೆ ಮೀನು ಎರಡೂ ಲವಲವಿಕೆಯಿಂದ ಇದ್ದವು, ಕೈ ಕಂಡರೆ ಮೇಲೆ ಬಂದು ತಿನ್ನುತ್ತಿದ್ದವು. ನೀರು ಕೆಟ್ಟಿದ್ದರೆ ಮೀನು ಮೊದಲು ಸಾಯಬೇಕಲ್ಲ ಎಂಬುದು ನನ್ನ ಲೆಕ್ಕ. ನೈಟ್ರೇಟ್, ಆಲ್ಕಲಿನಿಟಿ, ಕ್ಯಾಲ್ಸಿಯಂ ಮೂರನ್ನೂ ಅಳೆದೆ, ಮೂರೂ ಸರಿ. ಹಾಗಾದರೆ ಹವಳವೇ ಸರಿ ಇಲ್ಲ ಎಂದು ತೀರ್ಮಾನಿಸಿದೆ. ಅನುಮಾನ ಬಂದರೆ ನೀರು ಬದಲಿಸು ಎಂದು ಎಲ್ಲರೂ ಹೇಳುತ್ತಾರೆ. ಡ್ರಮ್ಮಿನಲ್ಲಿ ಉಳಿದ ಅರವತ್ತನ್ನೂ ಹಾಕಿದೆ.

ಆ ರಾತ್ರಿ ಅಕ್ರೊಪೊರದ ಬುಡದಿಂದ ಚರ್ಮ ಸುಲಿಯಲು ಶುರುವಾಯಿತು. ಬೆಳಿಗ್ಗೆಗೆ ಅರ್ಧ, ಸಂಜೆಗೆ ಪೂರ್ತಿ. ಉಳಿದದ್ದು ಬಿಳಿ ಸುಣ್ಣದ ಕಡ್ಡಿ. ನಾನು ಮತ್ತೆ ಡ್ರಮ್ಮಿನಲ್ಲಿ ಉಪ್ಪು ಕಲಸಿದೆ. ಹೌದು, ಮತ್ತೆ. ಹತ್ತು ದಿನದೊಳಗೆ ಹ್ಯಾಮರ್ ಕಂದು ಲೋಳೆಯಾಗಿ ಕರಗಿತು, ಮಾಂಟಿಪೊರ ಬೆಳ್ಳಗಾಯಿತು, ಸಿಗಡಿ ಪೊರೆ ಕಳಚುವಾಗ ಸತ್ತಿತು. ಬಸವನಹುಳು ಒಂದೂ ಉಳಿಯಲಿಲ್ಲ. ನಾನು ಅಂಗಡಿಯವನಿಗೆ ಫೋನ್ ಮಾಡಿ, ಈಗ ನೆನೆದರೆ ನಾಚಿಕೆಯಾಗುವ ಹಾಗೆ ಮಾತಾಡಿದೆ.

ಇನ್ನು ಅಪ್ಪನ ಪ್ರಶ್ನೆ. ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡುವವರು ಬಂದಿದ್ದರು. ಅಪ್ಪ ಅಂಗಳದಿಂದ ಕೂಗಿದರು: "ಮದ್ದಿನ ಡ್ರಮ್ಮು ಒಂದು ಕಾಣುವುದಿಲ್ಲ. ನೀನು ಎಂತಕ್ಕಾದರೂ ತೆಗೆದಿಯೋ?"

ಅಡಿಕೆ ಊರಿನವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗೆ ಬಿಡುವ ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ವರ್ಷ ವರ್ಷ ಆ ದ್ರಾವಣ ಕಲಸಿದ ಡ್ರಮ್ಮಿನ ಒಳಗೆ ನೀಲಿ ಕಿಟ್ಟ ಕೂತಿರುತ್ತದೆ. ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲವೆಂದರೆ ಡ್ರಮ್ಮೂ ನೀಲಿಯೇ.

ಅಪ್ಪ ಮಾತು ಮುಂದುವರಿಸದೆ ಅಡುಗೆಮನೆಯಿಂದ ವಿನೆಗರ್ ತರಿಸಿ ಡ್ರಮ್ಮಿನ ತಳಕ್ಕೆ ಒಂದು ಲೋಟ ಹೊಯ್ದರು, ಕಡ್ಡಿಯಲ್ಲಿ ಕೆರೆದರು. ಅರ್ಧ ಗಂಟೆ ಬಿಟ್ಟು ಅದರಲ್ಲಿ ಹಳೆಯ ಕಬ್ಬಿಣದ ಪೀಸಕತ್ತಿ ಅದ್ದಿದರು. ಮದ್ದು ಹದವಾಗಿದೆಯೋ, ಸುಣ್ಣ ಸಾಕಾಗಿದೆಯೋ ಎಂದು ನೋಡಲು ಅವರು ಮಾಡುವ ಪರೀಕ್ಷೆಯೇ ಅದು. ತಾಮ್ರ ಬಿಡಿಯಾಗಿ ಉಳಿದಿದ್ದರೆ ಕತ್ತಿಗೆ ಕೆಂಪು ಹಿಡಿಯುತ್ತದೆ. ಹಿಡಿಯಿತು. ಸಾವಿರಾರು ರೂಪಾಯಿಯ ಟೆಸ್ಟ್ ಕಿಟ್ಟುಗಳು ಸಾಲಾಗಿ ಇರುವ ಚಾವಡಿಯಲ್ಲಿ ಉತ್ತರ ಕೊಟ್ಟದ್ದು ಅಪ್ಪನ ಪೀಸಕತ್ತಿ.

ಮೀನು ಯಾಕೆ ಸಾಯಲಿಲ್ಲ ಎಂದು ಆಮೇಲೆ ಅರ್ಥವಾಯಿತು. ಸಮುದ್ರದ ಮೀನಿಗೆ ಬಿಳಿಚುಕ್ಕೆ ಬಂದಾಗ ತಾಮ್ರವನ್ನೇ ಔಷಧಿಯಾಗಿ ಹಾಕುತ್ತಾರೆ, ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಮೀನು ಅದನ್ನು ತಡೆದುಕೊಳ್ಳುತ್ತದೆ. ಹವಳ, ಬಸವನಹುಳು, ಸಿಗಡಿ ಅದಕ್ಕಿಂತ ಎಷ್ಟೋ ಕಡಿಮೆಗೇ ಹೋಗುತ್ತವೆ. ಹಾಗಾಗಿ ಬೆನ್ನೆಲುಬಿಲ್ಲದವು ಒಂದೊಂದಾಗಿ ಬೀಳುತ್ತ, ಮೀನು ಮಾತ್ರ ಗಟ್ಟಿಯಾಗಿದ್ದರೆ ಮೊದಲು ಲೋಹದ ಅನುಮಾನ ಪಡಿ. ನೀರು ಬದಲಿಸುವ ಮುಂಚೆ ಆ ನೀರು ಯಾವ ಪಾತ್ರೆಯಿಂದ ಬಂತು ಎಂದು ನೋಡಿ. ಡ್ರಮ್ಮು ಮಾತ್ರ ಅಲ್ಲ: ಮದ್ದು ಬಿಟ್ಟ ತೋಟದ ಕೆರೆ, ಗೊನೆಯ ಕೆಳಗೆ ಹಿಡಿದ ಮಳೆನೀರು, ತುತ್ತು ಅಳೆದ ಮಗ್ಗು, ಹಿತ್ತಾಳೆಯ ನಲ್ಲಿ. ಮದ್ದು ಮುಟ್ಟಿದ ಕೈಯನ್ನು ತೊಳೆಯದೆ ಟ್ಯಾಂಕಿಗೆ ಇಳಿಸಬೇಡಿ.

ಇನ್ನೊಂದು ಕಷ್ಟ, ತಾಮ್ರ ನೀರಿನ ಜೊತೆ ಹೊರಗೆ ಹೋಗಿ ಮುಗಿಯುವುದಿಲ್ಲ. ಸುಣ್ಣದ ಕಲ್ಲು, ಮರಳು ಅದನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಮತ್ತೆ ಬಿಡುತ್ತವೆ. ನಾನು ಮರಳನ್ನೆಲ್ಲ ತೆಗೆದು ಬಿಸಾಡಿದೆ, ಕಲ್ಲನ್ನೂ ಹೊರಗೆ ಹಾಕಿದೆ. ಫಿಲ್ಟರಿನಲ್ಲಿ ಇದ್ದಿಲು ಮತ್ತು ತಾಮ್ರ ಹೀರುವ ರಾಳ ಇಟ್ಟಿದ್ದೇನೆ. ಎರಡು ಬಸವನಹುಳು ಬಿಟ್ಟು ಮೂರು ವಾರವಾಯಿತು, ಇವತ್ತು ಬೆಳಿಗ್ಗೆ ನೋಡುವಾಗ ಗಾಜಿನ ಮೇಲೆ ಇದ್ದವು.

ಬಿಲ್ಲಿನ ವಿಷಯ ಹೇಳಬೇಕು. ಸಿಟ್ಟಿನಲ್ಲಿದ್ದಾಗ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆಂದು ಕಾಸರಗೋಡಿನ ವಕೀಲ ಗೆಳೆಯನಿಗೆ ಫೋನ್ ಮಾಡಿದ್ದೆ. ಬಿಲ್ ಉಂಟಾ ಎಂದ. ಇಲ್ಲ. "ಹಾಗಾದರೆ ದೂರು ಕೊಡಲು ಹೋದವ ನೀನೇ ಒಳಗೆ ಕೂತೀಯ ಮಾರಾಯ" ಎಂದು ನಕ್ಕ. ನಗುವ ವಿಷಯ ಅಲ್ಲ. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿ, ಹುಲಿ ಆನೆಗಳ ಜೊತೆ, 2001ರಿಂದ ಕಲ್ಲು ಹವಳಗಳೂ ಇವೆ. ನಮ್ಮ ಸಮುದ್ರದಿಂದ ಕಿತ್ತದ್ದಾದರೆ 3ರಿಂದ 7 ವರ್ಷ ಜೈಲಿನ ಅಪರಾಧ. ಹೊರದೇಶದ್ದು ಎಂದರೂ ಸೈಟೀಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು, 2022ರ ತಿದ್ದುಪಡಿಯ ಮೇಲೆ ಸಾಕುವವನೂ ನೋಂದಣಿ ಮಾಡಿಸಬೇಕು. "ಇಂಪೋರ್ಟೆಡ್, ಎಲ್ಲ ಉಂಟು" ಎಂಬ ಬಾಯಿಮಾತಿಗೆ ನಾನು ತಲೆಯಾಡಿಸಿ ಹಣ ಕೊಟ್ಟಿದ್ದೆ. ಕಾಗದ ಕೈಗೆ ಬಾರದೆ ನೀವು ಕೊಡಬೇಡಿ.

ಕಳೆದ ವಾರ ಅಂಗಡಿಯವನಿಗೆ ಫೋನ್ ಮಾಡಿ, ತಪ್ಪು ನನ್ನದೇ ಎಂದೆ, ಡ್ರಮ್ಮಿನ ಕತೆ ಹೇಳಿದೆ. ಅವನೂ ಜೋರಾಗಿ ನಕ್ಕು, "ಪರವಾಗಿಲ್ಲ ಸಾರ್, ಹೊಸ ಅಕ್ರೊಪೊರ ಬಂದಿದೆ, ಕಳಿಸಲಾ?" ಎಂದ. ಬಿಲ್ಲೂ ಪರವಾನಗಿಯ ಪ್ರತಿಯೂ ಕಳಿಸುತ್ತೀರಾ ಎಂದು ಕೇಳಿದೆ. ನೋಡಿ ಹೇಳುತ್ತೇನೆ ಎಂದವನಿಂದ ಇವತ್ತಿನವರೆಗೆ ಫೋನಿಲ್ಲ.