ಮಕ್ಕಳ ರಕ್ಷಣೆಯ ಸರ್ಟಿಫಿಕೇಟ್ ಕೋರ್ಸ್: ಹದಿನೆಂಟು ಸಾವಿರಕ್ಕೆ ನಾಲ್ಕು ಶನಿವಾರ

ಮೊದಲೇ ಹೇಳಿಬಿಡುತ್ತೇನೆ. ಸರ್ಟಿಫಿಕೇಟ್‌ಗೋಸ್ಕರ ಈ ಕೋರ್ಸ್ ಸೇರುವುದಾದರೆ ಬೇಡ, ದುಡ್ಡು ಉಳಿಸಿಕೊಳ್ಳಿ. ಆರು ತಿಂಗಳಲ್ಲಿ ನನಗೆ ನಿಜವಾಗಿ ಏನಾದರೂ ಕಲಿಸಿದ್ದು ನಾಲ್ಕೇ ಶನಿವಾರ. ಆ ನಾಲ್ಕಕ್ಕೆ ಹದಿನೆಂಟು ಸಾವಿರ ಜಾಸ್ತಿ ಆಯ್ತಾ ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತೇನೆ. ಆದರೆ ಮಿಕ್ಕಿದ್ದರ ಬಗ್ಗೆಯೂ ಹೇಳಬೇಕಲ್ಲ.

ನಾನು ತುಮಕೂರು ಕಡೆಯವಳು. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿ ನಾಲ್ಕು ವರ್ಷ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡಿದೆ. ಸಾಲ, ಕಂತು, ಮೀಟಿಂಗು, ರಿಜಿಸ್ಟರು. ಸಾಕಾಗಿಹೋಗಿತ್ತು. ಮಕ್ಕಳ ಕೆಲಸಕ್ಕೆ ಹೋಗಬೇಕು ಅಂತ ಆಸೆ ಇತ್ತು, ಆದರೆ ಕೈಯಲ್ಲಿ ಅನುಭವ ಇರಲಿಲ್ಲ. ಓದುವಾಗ ಮಕ್ಕಳ ಕಲ್ಯಾಣ ಅಂತ ಒಂದು ಪೇಪರ್ ಇತ್ತು, ಅದನ್ನು ಗೈಡ್ ಓದಿ ಪಾಸು ಮಾಡಿದ್ದೆ, ಅಷ್ಟೇ. ಆಗ ಗೆಳತಿಯೊಬ್ಬಳು ಬೆಂಗಳೂರಿನ ಈ ಕೋರ್ಸಿನ ಪಾಂಪ್ಲೆಟ್ ಕಳಿಸಿದಳು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಮುಂದೆ ಸ್ವಲ್ಪ ಬೈಯುವುದೂ ಇದೆ, ಸುಮ್ನೆ ತಲೆನೋವು ಯಾಕೆ.

ಆರು ತಿಂಗಳು, ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ನಾಲ್ಕೂವರೆ. ಫೀಸು ಹದಿನೆಂಟು ಸಾವಿರ, ಎರಡು ಕಂತು. ಪರೀಕ್ಷೆ ಫೀಸು ಬೇರೆ, ಅದನ್ನು ಸೇರುವಾಗ ಯಾರೂ ಹೇಳಲಿಲ್ಲ. ಆರೂವರೆ ಬಸ್ಸು ಹಿಡಿದು ಗೊರಗುಂಟೆಪಾಳ್ಯದಲ್ಲಿ ಇಳಿದು, ಅಲ್ಲಿಂದ ಮೆಟ್ರೋ. ಊಟ ನಮ್ಮದೇ. ಟೀ ಮಾತ್ರ ಅವರದು, ಟೀ ಚೆನ್ನಾಗಿತ್ತು.

ಮೊದಲ ಎರಡು ತಿಂಗಳು ಬರೀ ಕಾಯ್ದೆ. 2015ರ ಬಾಲನ್ಯಾಯ ಕಾಯ್ದೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ, ಬಾಲ್ಯವಿವಾಹ, ಬಾಲಕಾರ್ಮಿಕ. ಬರುತ್ತಿದ್ದ ವಕೀಲರು ಸ್ಲೈಡ್ ಹಾಕಿ, ಸ್ಲೈಡ್ ಓದಿ, ಸ್ಲೈಡ್ ಮುಚ್ಚಿ ಹೋಗುತ್ತಿದ್ದರು. ಅದೂ ಹಳೇ ಸ್ಲೈಡು. ದತ್ತು ಆದೇಶ ಕೋರ್ಟ್ ಕೊಡುತ್ತದೆ ಅಂತ ಇತ್ತು. 2021ರಲ್ಲಿ ತಿದ್ದುಪಡಿಯಾಗಿ, 2022ರ ಸೆಪ್ಟೆಂಬರ್‌ನಿಂದ ಆ ಅಧಿಕಾರ ಜಿಲ್ಲಾಧಿಕಾರಿಗೆ ಬಂದಿದೆ. ಕ್ಲಾಸಿನಲ್ಲಿ ಡಿಸಿಪಿಯು ಅಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಇದ್ದ, ಅವನು ಎದ್ದು ಹೇಳಿದ. ವಕೀಲರು "ಹೌದೌದು, ಅಪ್‌ಡೇಟ್ ಮಾಡ್ಕೊಳ್ಳಿ" ಅಂದರು. ಅಪ್‌ಡೇಟ್ ಮಾಡಿಕೊಳ್ಳುವುದಕ್ಕೇ ತಾನೇ ನಾವು ಫೀಸು ಕಟ್ಟಿದ್ದು? ಮಕ್ಕಳ ಸಹಾಯವಾಣಿ 1098ರ ಸ್ಲೈಡಿನದೂ ಅದೇ ಹಾಡು. ಚೈಲ್ಡ್‌ಲೈನ್ 1996ರಲ್ಲಿ ಮುಂಬೈಯಲ್ಲಿ ಶುರುವಾದ ಕಥೆ ಅರ್ಧ ಗಂಟೆ ಹೇಳಿದರು, ಚೆನ್ನಾಗೇ ಹೇಳಿದರು. ಆದರೆ 2023ರಿಂದ ಹಂತಹಂತವಾಗಿ ಅದನ್ನು ಸರ್ಕಾರವೇ ತೆಗೆದುಕೊಂಡು ತುರ್ತು ಸಹಾಯದ ನಂಬರ್ 112ಕ್ಕೆ ಜೋಡಿಸುತ್ತಾ ಬಂದಿದ್ದು ಅವರ ಸ್ಲೈಡಿಗೆ ಇನ್ನೂ ತಲುಪಿರಲಿಲ್ಲ.

ಪೋಕ್ಸೊ ಕ್ಲಾಸ್ ಮಾತ್ರ ಪರವಾಗಿಲ್ಲ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇದ್ದರೆ ಅದೇ ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು ಅಂತ ಕೇಳಿದಾಗ ಪಕ್ಕದಲ್ಲಿದ್ದ ಹೈಸ್ಕೂಲ್ ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಮಗುವಿನ ಹೇಳಿಕೆ ತೆಗೆದುಕೊಳ್ಳುವ ಪೊಲೀಸರು ಯೂನಿಫಾರ್ಮ್ ಹಾಕಿರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇವೆಲ್ಲ ನನಗೆ ಅರ್ಧಂಬರ್ಧ ಗೊತ್ತಿತ್ತು, ಈಗ ಸರಿಯಾಗಿ ಗೊತ್ತಾಯಿತು.

ಬಾಲ್ಯವಿವಾಹದ ದಿನ ವಕೀಲರಿಗಿಂತ ಜಾಸ್ತಿ ಕಲಿಸಿದ್ದು ಹಿಂದಿನ ಬೆಂಚಿನ ಅಂಗನವಾಡಿ ಸೂಪರ್‌ವೈಸರ್. ಕರ್ನಾಟಕ 2016ರಲ್ಲೇ ತಿದ್ದುಪಡಿ ಮಾಡಿ, ಬಾಲ್ಯವಿವಾಹ ಮೊದಲ ದಿನದಿಂದಲೇ ಅನೂರ್ಜಿತ ಅಂತ ಮಾಡಿದೆ, ದೇಶದ ಹೆಚ್ಚಿನ ಕಡೆ ಹಾಗಿಲ್ಲ ಅಂತ ವಕೀಲರು ಹೆಮ್ಮೆಯಿಂದ ಹೇಳಿದರು. ಆಯಮ್ಮ ಪಾವಗಡದವರು. "ಸಾರ್, ನಮ್ಮಲ್ಲಿ ನಾವು ಹೋಗಿ ತಡೀತೀವಿ. ಅವ್ರು ಹೂಂ ಅಂತಾರೆ, ಮುಚ್ಚಳಿಕೆ ಬರ್ಕೊಡ್ತಾರೆ. ರಾತ್ರಿ ಟೆಂಪೋ ಮಾಡ್ಕೊಂಡು ಆಂಧ್ರಕ್ಕೆ ಹೋಗಿ ದೇವಸ್ಥಾನದಲ್ಲಿ ತಾಳಿ ಕಟ್ಟಿಸ್ಕೊಂಡು ಬರ್ತಾರೆ. ಬೆಳಿಗ್ಗೆ ಆ ಮಗು ನನ್ನ ಮುಖ ನೋಡಲ್ಲ" ಅಂದರು. ಪಾವಗಡದ ಮ್ಯಾಪ್ ನೋಡಿದರೆ ಗೊತ್ತಾಗುತ್ತದೆ, ಸುತ್ತ ಹೆಚ್ಚುಕಡಿಮೆ ಆಂಧ್ರವೇ. ವಕೀಲರ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಡಿಸಿಪಿಯು ಹುಡುಗನ ಹತ್ತಿರ ಇತ್ತು. ಮುಚ್ಚಳಿಕೆ ಬರೆಸಿಕೊಂಡು ಸುಮ್ಮನಾಗಬೇಡಿ, ಮನೆಯಲ್ಲಿ ಬಿಟ್ಟರೆ ಮದುವೆ ಮಾಡೇ ಮಾಡುತ್ತಾರೆ ಅನ್ನಿಸಿದರೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿ, ಮದುವೆಯ ಅಪಾಯದಲ್ಲಿರುವ ಮಗುವೂ ಬಾಲನ್ಯಾಯ ಕಾಯ್ದೆಯ ಕೆಳಗೆ ಬರುತ್ತದೆ ಅಂದ. ಅವತ್ತು ಮಧ್ಯಾಹ್ನ ಟೀ ಹೊತ್ತಿನಲ್ಲಿ ಅರ್ಧ ಕ್ಲಾಸು ಅವನ ಸುತ್ತ ಇತ್ತು.

ಈಗ ಆ ನಾಲ್ಕು ಶನಿವಾರ.

ಪಾಂಪ್ಲೆಟ್‌ನಲ್ಲಿ ಇದರ ಹೆಸರು 'ಸಾಮಾಜಿಕ ತನಿಖಾ ವರದಿ ತಯಾರಿಕೆ'. ನೋಡಿದರೆ ನಿದ್ದೆ ಬರಬೇಕು. ಎಲ್ಲರೂ ಎಸ್‌ಐಆರ್ ಅನ್ನುತ್ತಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಸ್‌ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಒಂಟಿ ಮಗು ಸಿಕ್ಕಿದರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ಕು ಜನ ಸದಸ್ಯರು. ಅವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರ. ಆದರೆ ಮಗುವಿನ ಮನೆ ಹೇಗಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಒಬ್ಬ ಸಮಾಜ ಕಾರ್ಯಕರ್ತೆ ಹೋಗಿ ನೋಡಿಕೊಂಡು ಬರುತ್ತಾಳೆ, 15 ದಿನದಲ್ಲಿ ವರದಿ ಕೊಡುತ್ತಾಳೆ. ಅವರು ನೋಡುವುದು ಆ ಕಾಗದವನ್ನು. ಮಗು ಮನೆಗೆ ಹೋಗುತ್ತದೋ ಬಾಲಮಂದಿರಕ್ಕೆ ಅಂದರೆ ಸರ್ಕಾರದ ಮಕ್ಕಳ ಮನೆಗೆ ಹೋಗುತ್ತದೋ ಅನ್ನುವುದು ಬಹುಪಾಲು ಆ ಕಾಗದದ ಮೇಲೆ ನಿಂತಿರುತ್ತದೆ.

ಕ್ಲಾಸ್ ತೆಗೆದುಕೊಂಡಿದ್ದು ರಿಟೈರ್ ಆದ ಪ್ರೊಬೇಷನ್ ಆಫೀಸರ್ ಮೇಡಂ, ಇಂಥ ವರದಿ ಬರೆಯುವುದೇ ಅವರ ಕೆಲಸವಾಗಿತ್ತು. ಸ್ಲೈಡ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಬಟ್ಟೆ ಚೀಲದಲ್ಲಿ ಒಂದು ಕಟ್ಟು ಖಾಲಿ ಫಾರಂ, ಒಂದು ಕೆಂಪು ಪೆನ್ನು. ಒಂದು ಕಲ್ಪಿತ ಕೇಸು ಕೊಟ್ಟರು. ಹನ್ನೊಂದು ವರ್ಷದ ಹುಡುಗ, ರಾಯಚೂರು ಕಡೆಯವನು, ಯಶವಂತಪುರ ಸ್ಟೇಷನ್ನಿನಲ್ಲಿ ಸಿಕ್ಕಿದ್ದಾನೆ. ಅಪ್ಪ ಅಮ್ಮ ಬೆಂಗಳೂರಿನಲ್ಲೇ ಕಟ್ಟಡದ ಕೆಲಸದಲ್ಲಿದ್ದಾರೆ, ಊರಲ್ಲಿ ಅಜ್ಜಿ. ಅಪ್ಪ ಕುಡಿಯುತ್ತಾನೆ ಅಂತ ಹುಡುಗ ಹೇಳಿದ್ದಾನೆ. "ಬರೀರಿ ವರದಿ" ಅಂದರು. ಬರೆದೆವು. ನನ್ನದು ಒಂದೂವರೆ ಪುಟ, ಅಕ್ಷರ ಮುದ್ದಾಗಿತ್ತು. ತಂದೆ ಮದ್ಯವ್ಯಸನಿ, ತಾಯಿ ನಿರ್ಲಕ್ಷ್ಯ ತೋರಿದ್ದಾರೆ, ಕುಟುಂಬದ ವಾತಾವರಣ ಸರಿಯಿಲ್ಲ, ಆದ್ದರಿಂದ ಮಗುವನ್ನು ಬಾಲಮಂದಿರದಲ್ಲಿ ಇರಿಸುವುದು ಸೂಕ್ತ.

ಮೇಡಂ ಓದಿ ಮದ್ಯವ್ಯಸನಿ ಅನ್ನುವ ಪದಕ್ಕೆ ಸುತ್ತು ಹಾಕಿದರು.

"ಯಾರಮ್ಮ ಹೇಳಿದ್ದು?"

"ಹುಡುಗ ಹೇಳಿದ್ದಾನಲ್ಲ ಮೇಡಂ."

"ಹುಡುಗ ಹೇಳಿದ್ದು ಕುಡೀತಾನೆ ಅಂತ. ವ್ಯಸನಿ ಅಂದಿದ್ದು ನೀನು. ದಿನಾ ಕುಡೀತಾನಾ, ಬಟವಾಡೆ ದಿನ ಕುಡೀತಾನಾ? ಕುಡಿದು ಹೊಡೀತಾನಾ, ಮಲ್ಕೊಳ್ತಾನಾ? ಕೇಳಿದ್ಯಾ?"

ಎಲ್ಲಿ ಕೇಳುವುದು, ಕಲ್ಪಿತ ಕೇಸಲ್ವಾ ಅಂತ ನಾನು ನಕ್ಕೆ. ಅವರು ನಗಲಿಲ್ಲ. ಮುಂದಿನ ವಾರ ಕುರ್ಚಿ ಹಾಕಿಕೊಂಡು, ಸೆರಗು ತಲೆ ಮೇಲೆ ಎಳೆದುಕೊಂಡು ಅವರೇ ಅಜ್ಜಿಯಾಗಿ ಕೂತರು. ನಾವು ಒಬ್ಬೊಬ್ಬರೇ ಮನೆ ಭೇಟಿಗೆ ಹೋಗಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರ. ಹಿಂದೆ ರಾಯಚೂರಿನಲ್ಲಿ ಕೆಲಸ ಮಾಡಿದ್ದರಂತೆ, ಭಾಷೆ ಹಾಗೇ ಇತ್ತು. ನಾನು ಹೋಗಿ ನಮಸ್ಕಾರ ಅಂದರೆ "ಕುಂದ್ರಿ. ರೇಷನ್ ಕಾರ್ಡಿನವ್ರೇನ್ರಿ?" ಅಂದರು. ಅಲ್ಲೇ ತಬ್ಬಿಬ್ಬಾದೆ. ನಾನು ಯಾರು, ಯಾಕೆ ಬಂದೆ ಅಂತ ಒಬ್ಬ ಅಜ್ಜಿಗೆ ಅರ್ಥವಾಗುವ ಹಾಗೆ ಹೇಳುವುದಕ್ಕೆ ಆಗಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ನಿರ್ದೇಶನದ ಮೇರೆಗೆ ಅಂತ ಶುರು ಮಾಡಿದೆ ನೋಡಿ, ಅಜ್ಜಿ ಎದ್ದು ಒಳಗೆ ಹೋಗಿಬಿಟ್ಟಳು. ಒಳಗೆ ಅಂದರೆ ಬೋರ್ಡಿನ ಹಿಂದೆ. ಇಡೀ ಕ್ಲಾಸು ನಕ್ಕಿತು.

ಹದಿನಾಲ್ಕು ಜನ ಹೋಗಿಬಂದೆವು. ಮೊದಲ ಹದಿಮೂರು ಜನವೂ ಆದಾಯ ಕೇಳಿದೆವು, ಜಾತಿ ಕೇಳಿದೆವು, ಅಪ್ಪನ ಕುಡಿತ ಕೇಳಿದೆವು. ಕೊನೆಗೆ ಹೋದವರು ಆ ಪಾವಗಡದ ಸೂಪರ್‌ವೈಸರ್. ಅವರು ಫಾರಂ ಚೀಲದಲ್ಲೇ ಬಿಟ್ಟು ನೆಲದ ಮೇಲೆ ಕೂತು, "ಅವ್ವಾ, ಹುಡುಗ ರಾತ್ರಿ ಎಲ್ಲಿ ಮಲಗ್ತಿದ್ದ?" ಅಂತ ಕೇಳಿದರು.

"ಹೋಟೆಲಿನ್ಯಾಗ" ಅಂದಳು ಅಜ್ಜಿ.

ಕ್ಲಾಸು ಗಪ್‌ಚಿಪ್. ಆಮೇಲೆ ಎಳೆ ಎಳೆಯಾಗಿ ಬಂತು. ಹುಡುಗನನ್ನು ಊರ ಹತ್ತಿರದ ಹೋಟೆಲಿಗೆ ಲೋಟ ತೊಳೆಯುವುದಕ್ಕೆ ಹಾಕಿದ್ದಾರೆ, ಸಾಲಕ್ಕೆ. ಅವನು ಓಡಿಬಂದಿದ್ದು ಮನೆಯಿಂದ ಅಲ್ಲ, ಹೋಟೆಲಿನಿಂದ. ಬೆಂಗಳೂರಿಗೆ ಬಂದಿದ್ದು ಅಪ್ಪನನ್ನು ಹುಡುಕಿಕೊಂಡು. ಆ ಕುಡಿಯುವ ಅಪ್ಪನನ್ನೇ. ನಾವು ಹದಿಮೂರು ಜನ ಅವನನ್ನು ಅಪ್ಪನಿಂದ ದೂರ ಮಾಡಿ ಬಾಲಮಂದಿರಕ್ಕೆ ಹಾಕಿದ್ದೆವು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಆಗಬೇಕು ಅಂತ ಕಾಯ್ದೆಯಲ್ಲೇ ಇದೆ, ಎರಡು ತಿಂಗಳ ಹಿಂದೆ ಸ್ಲೈಡಿನಲ್ಲಿ ಓದಿದ್ದೆವು, ಪರೀಕ್ಷೆಗೆ ಬಾಯಿಪಾಠವೂ ಮಾಡಿದ್ದೆವು. ಹೋಟೆಲಿನವನ ಮೇಲೆ ಕೇಸಾಗಬೇಕಿತ್ತು, ಅವನ ಹೆಸರೇ ನಮ್ಮ ಯಾವ ವರದಿಯಲ್ಲೂ ಇರಲಿಲ್ಲ.

ಆ ವರದಿಯನ್ನು ನಾನು ಮೂರು ಸಲ ಬರೆದೆ. ಮೂರನೇದರಲ್ಲಿ ಮನೆಗೆ ಎಷ್ಟು ಕೋಣೆ, ಬಾಗಿಲಿಗೆ ಚಿಲಕ ಇದೆಯಾ, ನೀರು ಎಲ್ಲಿಂದ, ಅಕ್ಕಪಕ್ಕದವರಲ್ಲಿ ಯಾರು ಏನು ಹೇಳಿದರು, ಅವರಿಗೂ ಈ ಮನೆಗೂ ಜಗಳ ಇದೆಯಾ ಅಂತೆಲ್ಲ ಇತ್ತು. ಹುಡುಗನನ್ನು ಅಪ್ಪ ಅಮ್ಮನ ಹತ್ತಿರ ಕಳಿಸಿ, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ, ಅಂದರೆ ಮಗು ಮನೆಯಲ್ಲೇ ಬೆಳೆಯಲಿ ಅಂತ ಕೊಡುವ ನೆರವಿನಲ್ಲಿ, ತಿಂಗಳಿಗೆ 4,000 ರೂಪಾಯಿ ಸಿಗುತ್ತದಾ ನೋಡಬೇಕು ಅಂತ ಸಲಹೆ ಬರೆದೆ. ಅದಕ್ಕೆ ಆದಾಯದ ಮಿತಿ ಇದೆ, ಹಳ್ಳಿಯಲ್ಲಾದರೆ ವರ್ಷಕ್ಕೆ 72,000, ಪಟ್ಟಣದಲ್ಲಾದರೆ 96,000. ಈ ಮನೆಗೆ ಯಾವುದು ಲೆಕ್ಕ, ಅಜ್ಜಿ ಮನೆಯೋ ಅಪ್ಪನ ಶೆಡ್ಡೋ ಅಂತ ಮೇಡಂ ಮತ್ತೆ ಸುತ್ತು ಹಾಕಿದರು. ಸಾಕು ಬಿಡಿ ಮೇಡಂ ಅಂತ ಕೈಮುಗಿದೆ. ಆಗ ನಕ್ಕರು.

ಇನ್ನು ಬೈಗುಳ.

ಫೀಲ್ಡ್‌ವರ್ಕ್ 120 ಗಂಟೆ ಅಂತ ಪಾಂಪ್ಲೆಟ್‌ನಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಅದಕ್ಕೆ ಬೇಕಾದ ಪತ್ರ ಸಂಸ್ಥೆಯಿಂದ ಬರುವ ಹೊತ್ತಿಗೆ ಐದನೇ ತಿಂಗಳು ಮುಗಿದಿತ್ತು. ನನ್ನನ್ನು ಹಾಕಿದ ಕಡೆ ಒಂಬತ್ತು ದಿನ ಫೈಲಿಗೆ ಪುಟ ಸಂಖ್ಯೆ ಬರೆದೆ, ಜೆರಾಕ್ಸ್ ಮಾಡಿಸಿದೆ. ಅಲ್ಲಿಯವರನ್ನು ದೂರುವುದಿಲ್ಲ, ಅವರಿಗೆ ಕೆಲಸವೇ ತಲೆ ಮೇಲಿತ್ತು, ಮೊದಲೇ ಹೇಳದೆ ಬಂದವಳಿಗೆ ಯಾವ ಮಗುವಿನ ಫೈಲು ಕೊಟ್ಟಾರು? ಉಳಿದ ಗಂಟೆಗಳಿಗೆ "ಸೈನ್ ಹಾಕಿಸ್ಕೊಂಡು ಬನ್ನಿ, ನಡೆಯುತ್ತೆ" ಅಂದರು ಕೋರ್ಸಿನವರು. ನಡೆಯಿತು.

ಎರಡನೇದು ಇನ್ನೂ ಕೆಟ್ಟದ್ದು. ಒಂದು ದಿನ ಮಕ್ಕಳ ಮನೆಯೊಂದಕ್ಕೆ ಕರೆದುಕೊಂಡು ಹೋಗಿದ್ದರು. ಸಂಜೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಫೋಟೋ. ನಾವು ಬಿಸ್ಕತ್ತು ಹಂಚುತ್ತಿರುವುದು, ಮಕ್ಕಳ ಮುಖ ಸ್ಪಷ್ಟವಾಗಿ. ಹಾಕಿದ್ದು ವಿದ್ಯಾರ್ಥಿ ಅಲ್ಲ, ಕೋರ್ಸಿನ ಕೋಆರ್ಡಿನೇಟರ್ರೇ. ಇಂಥ ಮಕ್ಕಳ ಗುರುತು ಬಯಲು ಮಾಡುವ ಹಾಗಿಲ್ಲ, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಇಲ್ಲಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದನ್ನು ನಮಗೆ ಹೇಳಿಕೊಟ್ಟಿದ್ದು ಇದೇ ಕೋರ್ಸು! ಡಿಸಿಪಿಯು ಹುಡುಗ ಗ್ರೂಪಿನಲ್ಲಿ ಬರೀ 74 ಅಂತ ಬರೆದ. ಹತ್ತು ನಿಮಿಷದಲ್ಲಿ ಫೋಟೋ ಮಾಯ. ಕ್ಷಮೆ ಇಲ್ಲ, ವಿವರಣೆ ಇಲ್ಲ. ಮುಂದಿನ ವರ್ಷದ ಪಾಂಪ್ಲೆಟ್‌ನಲ್ಲಿ ಆ ಫೋಟೋ ಬರದಿದ್ದರೆ ಸಾಕು.

ಕೆಲಸ ಸಿಗುತ್ತದಾ ಅಂತ ಕೇಳುವವರಿಗೆ: ಜಿಲ್ಲಾ ಘಟಕಗಳ ಹುದ್ದೆ ಹೆಚ್ಚಿನವು ಗುತ್ತಿಗೆ, ನೋಡುವುದು ಡಿಗ್ರಿ ಮತ್ತು ಅನುಭವ. ನಾನು ಹೋದ ಎರಡು ಸಂದರ್ಶನದಲ್ಲೂ ಸರ್ಟಿಫಿಕೇಟನ್ನು ತಿರುಗಿಸಿ ಸಹ ನೋಡಲಿಲ್ಲ. ಎರಡನೇ ಕಡೆ ಒಬ್ಬರು, ಮನೆ ಭೇಟಿಗೆ ಹೋದಾಗ ಮೊದಲು ಏನು ಕೇಳ್ತೀರಾ ಅಂದರು. ಮಗು ಎಲ್ಲಿ ಮಲಗುತ್ತದೆ ಅಂತ ಕೇಳುತ್ತೇನೆ ಅಂದೆ. ಯಾಕೆ ಅಂದರು. ಅಜ್ಜಿ ಕಥೆ ಹೇಳಿದೆ. ಈಗ ಅಲ್ಲೇ ಕೆಲಸ ಮಾಡುತ್ತಿದ್ದೇನೆ, ಒಂದು ಮಕ್ಕಳ ಸಂಸ್ಥೆಯಲ್ಲಿ. ಸಂಬಳ ಕೇಳಬೇಡಿ.

ಈಗಾಗಲೇ ಈ ಕ್ಷೇತ್ರದಲ್ಲಿ ಇರುವವರಿಗೆ ಈ ಕೋರ್ಸ್ ಬೇಡ. ನಿಮ್ಹಾನ್ಸ್‌ನ 'ಸಂವಾದ್' ಇದೆ, ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಮಾತಾಡುವುದು ಹೇಗೆ ಅಂತ ತರಬೇತಿ ಕೊಡುತ್ತಾರೆ, ಅವರ ಸಾಮಗ್ರಿ ಪುಕ್ಕಟೆ ಸಿಗುತ್ತದೆ, ಇಲ್ಲಿಯ ಸ್ಲೈಡಿಗಿಂತ ಎಷ್ಟೋ ಮೇಲು. ಕಾಯ್ದೆ ಓದುವುದಕ್ಕಂತೂ ಯಾರಿಗೂ ಫೀಸು ಕೊಡಬೇಕಾಗಿಲ್ಲ. ಎಂಎಸ್‌ಡಬ್ಲ್ಯೂ ಮುಗಿಸಿ ಮಗುವಿನ ಕೇಸು ಒಂದನ್ನೂ ನೋಡದವರು, ಮೇಷ್ಟ್ರುಗಳು, ಪಂಚಾಯಿತಿಯಲ್ಲಿ ಇರುವವರು ಬೇಕಾದರೆ ಯೋಚಿಸಿ.

ಅದಕ್ಕೂ ಮುಂಚೆ ಆಫೀಸಿಗೆ ಒಂದು ಫೋನ್ ಮಾಡಿ. ಈ ಸಲ ಎಸ್‌ಐಆರ್ ಕ್ಲಾಸು ಯಾರು ತಗೊಳ್ತಾರೆ ಅಂತ ಕೇಳಿ. ರಿಟೈರ್ಡ್ ಪ್ರೊಬೇಷನ್ ಆಫೀಸರ್ ಮೇಡಂ ಅಂದರೆ ಕಟ್ಟಿ. ಇನ್ನೂ ಫಿಕ್ಸ್ ಆಗಿಲ್ಲ ಅಂದರೆ ಕಟ್ಟಬೇಡಿ, ಒಂದು ಬ್ಯಾಚ್ ಕಾಯಿರಿ.