ಕ್ಯಾಸ್ಪೇಸ್-3/7 ಪರೀಕ್ಷಾ ಕಿಟ್: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಕ್ಯಾಸ್ಪೇಸ್-3 ಮತ್ತು ಕ್ಯಾಸ್ಪೇಸ್-7 ಕಿಣ್ವಗಳ ಚಟುವಟಿಕೆಯನ್ನು ಬೆಳಕಿನ ಪ್ರಮಾಣದಿಂದ ಅಳೆಯುವ ಕಿಟ್ ನಮ್ಮ ಪ್ರಯೋಗಾಲಯದಲ್ಲಿ ಹಲವು ವರ್ಷಗಳಿಂದ ನಿತ್ಯ ಬಳಕೆಯಲ್ಲಿದೆ. ಇಂಥ ಕಿಟ್‌ಗಳನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳು ಮಾರುತ್ತವೆ, ಎಲ್ಲದರ ತತ್ವವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಇಲ್ಲಿ ಕಂಪನಿಯ ಹೆಸರಿಗಿಂತ ವಿಧಾನದ ಗುಣದೋಷಗಳೇ ಮುಖ್ಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಕಿಟ್ ನಂಬಿಕೆಗೆ ಅರ್ಹವಾಗಿದೆ, ಆದರೆ ಡಬ್ಬಿಯ ಮೇಲೆ ಅಚ್ಚಾಗಿರುವ ‘ಅಪೊಪ್ಟೋಸಿಸ್ (ಅಂದರೆ ಜೀವಕೋಶದ ಯೋಜಿತ, ಕ್ರಮಬದ್ಧ ಸಾವು) ಪರೀಕ್ಷೆ’ ಎಂಬ ಮಾತು ಅದು ನಿಜವಾಗಿ ಅಳೆಯುವುದಕ್ಕಿಂತ ದೊಡ್ಡದು.

ಕ್ಯಾಸ್ಪೇಸ್‌ಗಳು ಪ್ರೋಟೀನನ್ನು ಆಸ್ಪಾರ್ಟಿಕ್ ಆಮ್ಲದ ನಂತರದ ಕೊಂಡಿಯಲ್ಲಿ ಕತ್ತರಿಸುವ ಕಿಣ್ವಗಳು. ಜೀವಕೋಶದಲ್ಲಿ ಅವು ನಿಷ್ಕ್ರಿಯ ರೂಪದಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಹೊರಗಿನ ಮರಣಸಂಕೇತ ಬಂದಾಗ ಕ್ಯಾಸ್ಪೇಸ್-8, ಮೈಟೊಕಾಂಡ್ರಿಯದಿಂದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸೋರಿದಾಗ ಕ್ಯಾಸ್ಪೇಸ್-9 ಮೊದಲು ಎಚ್ಚರಗೊಂಡು, ಮುಂದಿನ ಹಂತದ ಕ್ಯಾಸ್ಪೇಸ್-3 ಮತ್ತು 7 ಅನ್ನು ಕತ್ತರಿಸಿ ಸಕ್ರಿಯಗೊಳಿಸುತ್ತವೆ. ಕೋಶವನ್ನು ಒಳಗಿನಿಂದ ಕಳಚುವ ಕೆಲಸ ಬಹುಪಾಲು ಈ ಎರಡರದ್ದು. ಇವುಗಳಿಗೆ ಅಚ್ಚುಮೆಚ್ಚಿನ ನಾಲ್ಕು ಅಮೈನೋ ಆಮ್ಲಗಳ ಸರಣಿಯಾದ ಡಿಇವಿಡಿಯನ್ನು ಕಿಟ್‌ನಲ್ಲಿ ಅಮೈನೋಲೂಸಿಫೆರಿನ್‌ಗೆ ಜೋಡಿಸಿರುತ್ತಾರೆ. ಕಿಣ್ವ ಸರಣಿಯನ್ನು ಕತ್ತರಿಸಿದರೆ ಅಮೈನೋಲೂಸಿಫೆರಿನ್ ಬಿಡುಗಡೆಯಾಗುತ್ತದೆ, ದ್ರಾವಣದಲ್ಲಿರುವ ಲೂಸಿಫೆರೇಸ್ ಎಂಬ ಕಿಣ್ವ ಅದನ್ನು ಬಳಸಿ ಬೆಳಕು ಹೊಮ್ಮಿಸುತ್ತದೆ.

ಬಳಸುವ ಕ್ರಮ ಬಹಳ ಸರಳ. ದ್ರಾವಣವನ್ನು ಕೋಣೆಯ ಉಷ್ಣತೆಗೆ ತಂದು, ಬಿಳಿ ಗೋಡೆಯ ಪ್ಲೇಟಿನ ಪ್ರತಿ ವೆಲ್‌ಗೂ (ಕೋಶಗಳಿರುವ ಪುಟ್ಟ ಗುಳಿಗೂ) ಕೋಶಗಳನ್ನು ಬೆಳೆಸುವ ಮಾಧ್ಯಮದಷ್ಟೇ ಪ್ರಮಾಣದಲ್ಲಿ ಸೇರಿಸಿ, ಮೆಲ್ಲಗೆ ಅಲುಗಾಡಿಸಿ, ಸುಮಾರು ಒಂದು ಗಂಟೆ ಕತ್ತಲಲ್ಲಿಟ್ಟು ಬೆಳಕು ಅಳೆಯುವ ಯಂತ್ರದಲ್ಲಿ ಓದಿಸಿದರೆ ಸಾಕು. ಕೋಶಗಳನ್ನು ತೊಳೆಯುವ, ಕೆರೆದು ತೆಗೆಯುವ ಗೋಜಿಲ್ಲ. ಇದಕ್ಕೂ ಮೊದಲು ನಾವು ಬಳಸುತ್ತಿದ್ದ, 405 ನ್ಯಾನೋಮೀಟರ್‌ನಲ್ಲಿ ಹಳದಿ ಬಣ್ಣವನ್ನು ಅಳೆಯುವ ಕಿಟ್‌ಗೆ ಪ್ರತಿ ಮಾದರಿಗೂ ಹತ್ತು ಲಕ್ಷಕ್ಕಿಂತ ಹೆಚ್ಚು ಕೋಶಗಳು ಬೇಕಾಗುತ್ತಿದ್ದವು, ಕಿಣ್ವದ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಕಾಪಾಡಲು ಡಿಟಿಟಿ ಎಂಬ ರಾಸಾಯನಿಕವನ್ನು ಪ್ರತಿ ಬಾರಿಯೂ ಹೊಸದಾಗಿ ಸೇರಿಸಬೇಕಾಗುತ್ತಿತ್ತು. ಈಗ ವೆಲ್‌ಗೆ ಕೆಲವು ಸಾವಿರ ಕೋಶಗಳಿದ್ದರೂ ಸ್ಪಷ್ಟ ಸಂಕೇತ ದೊರೆಯುತ್ತದೆ. ಈ ಒಂದು ವಿಷಯದಲ್ಲಿ ಕಿಟ್‌ಗೆ ಪೂರ್ಣ ಅಂಕ ಕೊಡಬಹುದು.

ಕೈಪಿಡಿ ಸರಿಯಾಗಿ ಹೇಳದ ಸಂಗತಿಯೆಂದರೆ ಸಮಯ. ಕ್ಯಾಸ್ಪೇಸ್‌ನ ಚಟುವಟಿಕೆ ಏರಿ ಇಳಿಯುವಂಥದ್ದು. ಜರ್ಕಾಟ್ ಎಂಬ ರಕ್ತಕ್ಯಾನ್ಸರ್ ಕೋಶಗಳಿಗೆ, ಕೋಶಗಳನ್ನು ಸಾಯಿಸುವ ಸ್ಟಾರೊಸ್ಪೊರಿನ್ ಎಂಬ ರಾಸಾಯನಿಕವನ್ನು 1 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಬೆಳಕು ಹಲವು ಪಟ್ಟು ಏರುತ್ತದೆ. ಅದೇ ಪ್ಲೇಟನ್ನು ಮರುದಿನ ಓದಿಸಲು ಹೊರಟರೆ, ಸತ್ತ ಕೋಶಗಳ ಪೊರೆ ಒಡೆದು ಕಿಣ್ವ ಮಾಧ್ಯಮಕ್ಕೆ ಸೋರಿ ಕ್ಷೀಣಿಸಿರುವುದರಿಂದ ರೀಡಿಂಗ್ ಕಂಟ್ರೋಲ್‌ನ (ಔಷಧ ಕೊಡದ ಕೋಶಗಳ) ಹತ್ತಿರಕ್ಕೆ ಇಳಿದಿರಬಹುದು. ಎಲ್ಲ ಕೋಶಗಳೂ ಸತ್ತಿರುವ ವೆಲ್ ಮತ್ತು ಯಾವ ಕೋಶವೂ ಸಾಯದ ವೆಲ್ ಒಂದೇ ಅಂಕಿಯನ್ನು ಕೊಡುವ ಪರೀಕ್ಷೆಯಿದು ಎಂಬುದನ್ನು ಹೊಸಬರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ನಿಧಾನವಾಗಿ ಕೆಲಸ ಮಾಡುವ ಔಷಧಗಳಲ್ಲಿ ಶಿಖರ ಬರುವುದು ಇನ್ನೂ ತಡವಾಗಿ. ಆದ್ದರಿಂದ ಹೊಸ ಕೋಶ, ಹೊಸ ಔಷಧ ಎಂದಾಗಲೆಲ್ಲ ಹಲವು ಗಂಟೆಗಳಲ್ಲಿ ಓದಿಸಿ ರೇಖೆ ಎಳೆದುಕೊಳ್ಳುವುದು ಅನಿವಾರ್ಯ. ಜೊತೆಗೆ ಅದೇ ವೆಲ್‌ನಲ್ಲಿ ಮೊದಲು ಜೀವಂತ ಕೋಶಗಳ ಪ್ರಮಾಣವನ್ನು ಫ್ಲೂರೊಸೆನ್ಸ್ ವಿಧಾನದಿಂದ ಅಳೆದು, ನಂತರ ಈ ದ್ರಾವಣವನ್ನು ಸೇರಿಸುವ ಪದ್ಧತಿ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಎರಡನೆಯ ತೊಡಕು ಲೂಸಿಫೆರೇಸ್‌ನದು. ಪರೀಕ್ಷಿಸುವ ರಾಸಾಯನಿಕವೇ ಲೂಸಿಫೆರೇಸನ್ನು ತಡೆದರೆ ಕ್ಯಾಸ್ಪೇಸ್ ಎಷ್ಟೇ ಸಕ್ರಿಯವಾಗಿದ್ದರೂ ಬೆಳಕು ಬಾರದು. ಸಕ್ರಿಯ ಕ್ಯಾಸ್ಪೇಸ್ ಇರುವುದು ಖಚಿತವಾದ ವೆಲ್‌ಗೆ ಆ ರಾಸಾಯನಿಕವನ್ನು ಓದಿಸುವ ಮುನ್ನ ಸೇರಿಸಿ ನೋಡಿದರೆ ಇದು ಬಯಲಾಗುತ್ತದೆ. ಒಮ್ಮೆ ಬಂದ ಬ್ಯಾಚಿನಲ್ಲಿ ಕೋಶಗಳೇ ಇಲ್ಲದ ವೆಲ್‌ಗಳೂ ಎಂದಿಗಿಂತ ಹೆಚ್ಚು ಬೆಳಗುತ್ತಿದ್ದವು. ದೂರು ಕೊಟ್ಟ ಮೇಲೆ ಬದಲಿ ಬಂತು, ಕಾರಣ ಮಾತ್ರ ತಿಳಿಸಲಿಲ್ಲ. ಖಾಲಿ ವೆಲ್‌ಗಳ ರೀಡಿಂಗನ್ನು ಬ್ಯಾಚ್‌ವಾರು ಬರೆದಿಟ್ಟುಕೊಂಡಿದ್ದರಿಂದಷ್ಟೇ ನಮ್ಮ ದೂರಿಗೆ ಆಧಾರವಿತ್ತು.

ಇನ್ನು ಅರ್ಥೈಸುವಿಕೆಯ ಪ್ರಶ್ನೆ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಕ್ಯಾಸ್ಪೇಸ್-3ರ ಜೀನ್‌ನ 47 ಬೇಸ್‌ಗಳ ತುಂಡೊಂದು ಕಾಣೆಯಾಗಿದ್ದು, ಆ ಕಿಣ್ವ ತಯಾರಾಗುವುದೇ ಇಲ್ಲ. ಆದರೂ ಅವು ಸಾಯುತ್ತವೆ, ಕಿಟ್‌ನಲ್ಲಿ ಒಂದಿಷ್ಟು ಬೆಳಕೂ ಬರುತ್ತದೆ, ಏಕೆಂದರೆ ಕ್ಯಾಸ್ಪೇಸ್-7 ಕೂಡ ಡಿಇವಿಡಿಯನ್ನು ಕತ್ತರಿಸುತ್ತದೆ. ಎರಡರಲ್ಲಿ ಯಾವುದು ಕೆಲಸ ಮಾಡಿತೆಂದು ಕಿಟ್ ಹೇಳಲಾರದು. ಝಡ್-ವ್ಯಾಡ್-ಎಫ್‌ಎಂಕೆ ಎಂಬ, ಕ್ಯಾಸ್ಪೇಸ್‌ಗಳನ್ನು ತಡೆಯುವ ಪ್ರತಿಬಂಧಕ ಕೊಟ್ಟಾಗ ಬೆಳಕು ಆರಿದರೆ ಸಂಕೇತ ಕ್ಯಾಸ್ಪೇಸ್‌ನದ್ದೆಂದು ಬಹುಮಟ್ಟಿಗೆ ನಂಬಬಹುದು. ಕೋಶ ಬದುಕಿತೆಂದು ನಂಬುವಂತಿಲ್ಲ. ಕ್ಯಾಸ್ಪೇಸ್-8 ಅನ್ನು ತಡೆದಾಗ ಕೆಲವು ಕೋಶಗಳು ಆರ್‌ಐಪಿಕೆ3 ಮತ್ತು ಎಂಎಲ್‌ಕೆಎಲ್ ಪ್ರೋಟೀನುಗಳ ಮೂಲಕ ನೆಕ್ರೊಪ್ಟೋಸಿಸ್ ಎಂಬ ಬೇರೆಯೇ ದಾರಿಯಲ್ಲಿ ಸಾಯುತ್ತವೆ, ಆಗ ಪ್ಲೇಟ್ ಸಂಪೂರ್ಣ ಕತ್ತಲಾಗಿರುತ್ತದೆ. ಅದಕ್ಕೆ ತದ್ವಿರುದ್ಧವಾಗಿ, ಗ್ಯಾಸ್‌ಡರ್ಮಿನ್-ಇ ಎಂಬ ಪ್ರೋಟೀನು ಹೆಚ್ಚಿರುವ ಕೋಶಗಳಲ್ಲಿ ಕ್ಯಾಸ್ಪೇಸ್-3 ಅದನ್ನು ಕತ್ತರಿಸಿ ಪೊರೆಯಲ್ಲಿ ರಂಧ್ರ ಕೊರೆಯಿಸುತ್ತದೆ. ಬೆಳಕು ಬಂದರೂ ಸಾವು ಅಪೊಪ್ಟೋಸಿಸ್ ಆಗಿರುವುದಿಲ್ಲ.

ಡಬ್ಬಿಯ ಮೇಲಿನ ಮಾತಿಗೆ ಒಂದು ಹಿನ್ನೆಲೆಯೂ ಇದೆ. ಸಿ. ಎಲೆಗನ್ಸ್ ಹುಳುವಿನಲ್ಲಿ ನಿಗದಿಯಾದ 131 ಕೋಶಗಳ ಸಾವಿಗೆ ಬೇಕಾದ ಸಿಇಡಿ-3 ಪ್ರೋಟೀನು ಸಸ್ತನಿಗಳ ಕಿಣ್ವವೊಂದನ್ನು ಹೋಲುತ್ತದೆಂದು ರಾಬರ್ಟ್ ಹಾರ್ವಿಟ್ಜ್ ಅವರ ತಂಡ 1993ರಲ್ಲಿ ತೋರಿಸಿದ ಮೇಲೆ, ಈ ಕುಟುಂಬವನ್ನು ಸಾವಿನೊಂದಿಗೆ ಸಮೀಕರಿಸುವುದು ರೂಢಿಯಾಯಿತು. ತಮಾಷೆಯೆಂದರೆ, ಹೋಲಿಕೆಗೆ ಸಿಕ್ಕ ಆ ಕಿಣ್ವ, ಈಗಿನ ಕ್ಯಾಸ್ಪೇಸ್-1, ಮುಖ್ಯವಾಗಿ ಉರಿಯೂತಕ್ಕೆ ಸಂಬಂಧಿಸಿದ್ದು. ಸ್ನಾಯುಕೋಶಗಳ ರೂಪುಗೊಳ್ಳುವಿಕೆಯಲ್ಲಿ ಕ್ಯಾಸ್ಪೇಸ್-3 ಕೂಡ ಕೋಶವನ್ನು ಕೊಲ್ಲದೆ ಪಾಲ್ಗೊಳ್ಳುತ್ತದೆ.

ನೂರಾರು ರಾಸಾಯನಿಕಗಳನ್ನು ಜಾಲಾಡಿ ಕೆಲವನ್ನು ಆರಿಸಬೇಕಾದವರು ಈ ಕಿಟ್ಟನ್ನು ಹಿಂಜರಿಯದೆ ಕೊಳ್ಳಬಹುದು. ಆರಿಸಿದ ಮೇಲೆ ನಾವು ಪ್ರತಿಯೊಂದಕ್ಕೂ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಗುರುತಿಸುವ ವಿಧಾನ) ಮಾಡಿ, ಕ್ಯಾಸ್ಪೇಸ್ ಕತ್ತರಿಸುವ ಪಾರ್ಪ್-1 ಪ್ರೋಟೀನಿನ 116 ಕಿಲೋಡಾಲ್ಟನ್‌ನ ಪಟ್ಟಿ 89ಕ್ಕೆ ಇಳಿದಿದೆಯೇ, ಸುಮಾರು 17 ಕಿಲೋಡಾಲ್ಟನ್‌ನಲ್ಲಿ ಕ್ಯಾಸ್ಪೇಸ್-3ರ ಸಕ್ರಿಯ ತುಣುಕು ಕಾಣುತ್ತಿದೆಯೇ ಎಂದು ನೋಡುತ್ತೇವೆ. ಬೆರಳೆಣಿಕೆಯ ಮಾದರಿಗಳಷ್ಟೇ ಇರುವವರು ಕಿಟ್ ಬಿಟ್ಟು ನೇರವಾಗಿ ಈ ಬ್ಲಾಟ್‌ನಿಂದಲೇ ಆರಂಭಿಸುವುದು ಲೇಸು.